ಅಣಬೆ ರೂಮಿನಲ್ಲಿ ಗಾಳಿ ಮೀಟರ್ ಸೊನ್ನೆ ತೋರಿಸುತ್ತಿದೆ, ಕೆಟ್ಟಿದೆಯಾ?

ಪ್ರಶ್ನೆ: ನಮಸ್ಕಾರ ಸರ್. ಸಕಲೇಶಪುರದ ಹತ್ತಿರ ಮನೆ ಹಿಂದೆ ಚಿಪ್ಪಣಬೆ ಬೆಳೆಯುತ್ತಿದ್ದೇವೆ. ರೂಮು 6 ಮೀಟರ್ ಉದ್ದ, 4 ಅಗಲ, 3 ಎತ್ತರ. ಒಂದು ಎಕ್ಸಾಸ್ಟ್ ಫ್ಯಾನ್, ಎದುರು ಗೋಡೆಯಲ್ಲಿ ಗಾಳಿ ಬರಲು ಜಾಲರಿ ಕಿಂಡಿ. ಪುಟ್ಟ ಫ್ಯಾನ್ ತಿರುಗುವ ಮೀಟರ್ ತಂದಿದ್ದೇನೆ. ಕಿಂಡಿ ಹತ್ತಿರ ಸೆಕೆಂಡಿಗೆ 2 ಮೀಟರ್ ತೋರಿಸುತ್ತೆ, ರೂಮಿನ ನಡುವೆ ಬರೀ ಸೊನ್ನೆ. ಒಂದು ಮೂಲೆಯ ಬ್ಯಾಗುಗಳಲ್ಲಿ ಮಾತ್ರ ಅಣಬೆ ಕಾಂಡ ಉದ್ದ, ಕೊಡೆ ಚಿಕ್ಕದು. ಮೀಟರ್ ಕೆಟ್ಟಿದೆಯಾ?

ಉತ್ತರ: ಮೀಟರ್ ಸರಿಯಾಗೇ ಇದೆ. ಆ ರೆಕ್ಕೆ ತಿರುಗಬೇಕಾದರೆ ಸೆಕೆಂಡಿಗೆ ಸುಮಾರು 0.3 ಮೀಟರ್ ವೇಗವಾದರೂ ಬೇಕು. ರೂಮಿನೊಳಗೆ ಸಾಮಾನ್ಯವಾಗಿ 0.05ರಿಂದ 0.2 ಅಷ್ಟೇ ಇರುತ್ತೆ, ಅದನ್ನು ಅಳೆಯಲು ಹಾಟ್ ವೈರ್ ಮೀಟರ್ ಬೇಕು. ಬಿಸಿ ತಂತಿ ಗಾಳಿಗೆ ಎಷ್ಟು ತಣಿಯುತ್ತೆ ಅನ್ನೋದರಿಂದ ಅದು ವೇಗ ಹೇಳುತ್ತೆ. ಕೈಯಲ್ಲಿ ಹಿಡಿದು ಪಕ್ಕದಲ್ಲೇ ನಿಲ್ಲಬೇಡಿ, ಸ್ಟ್ಯಾಂಡಿಗೆ ಕಟ್ಟಿ ದೂರ ಸರಿಯಿರಿ. ನಮ್ಮ ಮೈಬಿಸಿಗೇ ಗಾಳಿ ಮೇಲೇಳುತ್ತೆ, ಇಷ್ಟು ಕಡಿಮೆ ವೇಗದಲ್ಲಿ ಅದೇ ಅಳತೆ ಕೆಡಿಸೋಕೆ ಸಾಕು.

ನಿಮ್ಮ ಕಿಂಡಿ 0.2 ಚದರ ಮೀಟರ್ ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಗಂಟೆಗೆ 1440 ಘನ ಮೀಟರ್ ಗಾಳಿ ಬಂತು, ರೂಮು 72 ಘನ ಮೀಟರ್, ಅಂದರೆ ಗಂಟೆಗೆ 20 ಸಲ ಗಾಳಿ ಬದಲಾಯಿತು. ಲೆಕ್ಕ ಚೆನ್ನಾಗಿದೆ, ಆದರೆ ಆ ಗಾಳಿ ಕಿಂಡಿಯಿಂದ ನೇರ ಫ್ಯಾನಿಗೆ ಹೋಗುತ್ತಿದ್ದರೆ ಮೂಲೆಗೆ ಏನು ಸಿಕ್ಕಿತು? ಉದ್ದ ಕಾಂಡ, ಸಣ್ಣ ಕೊಡೆ ಅಂದರೆ ಸಾಮಾನ್ಯವಾಗಿ ಅಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಅಂತ ಲೆಕ್ಕ. ಒಂದು ಊದುಬತ್ತಿ ಹಚ್ಚಿ ಆ ಬ್ಯಾಗುಗಳ ಪಕ್ಕ ಹಿಡಿಯಿರಿ. ಹೊಗೆ ನೆಟ್ಟಗೆ ಎದ್ದು, ಎತ್ತ ಕಡೆಗೂ ಬಾಗದೆ ಅಲ್ಲಲ್ಲೇ ಸುತ್ತುತ್ತಿದ್ದರೆ ಹೊಸ ಗಾಳಿ ಅಲ್ಲಿಗೆ ಬರುತ್ತಿಲ್ಲ.

ಇನ್ನೊಬ್ಬರ ಪ್ರಶ್ನೆ: ಸರ್, ನಾನು ಚಿಕ್ಕಮಗಳೂರಿನಿಂದ. ನಮ್ಮ ಆಫೀಸಿನಲ್ಲಿ ಗಾಳಿಯ ವೇಗ ಸರಾಸರಿ ಸೆಕೆಂಡಿಗೆ 0.2 ಮೀಟರ್ ಮಾತ್ರ, ಆದರೂ ಕುತ್ತಿಗೆಗೆ ತಣ್ಣಗೆ ಹೊಡೆಯುತ್ತೆ. ಯಾಕೆ?

ಉತ್ತರ: ಸರಾಸರಿ ಒಂದೇ ನೋಡಿದರೆ ಇದು ಗೊತ್ತಾಗಲ್ಲ ಮೇಡಂ. ಗಾಳಿ ಏರಿಳಿಯುತ್ತಾ ಬರುತ್ತೆ. 3 ನಿಮಿಷ ರೆಕಾರ್ಡ್ ಮಾಡಿ, ಆ ಏರಿಳಿತದ ಸ್ಟ್ಯಾಂಡರ್ಡ್ ಡೀವಿಯೇಷನ್ (ವೇಗ ಸರಾಸರಿಯಿಂದ ಎಷ್ಟು ಆಚೀಚೆ ಹೋಗುತ್ತೆ ಅನ್ನೋ ಅಳತೆ) ಅನ್ನು ಸರಾಸರಿಯಿಂದ ಭಾಗಿಸಿ. ಅದು 0.08 ಬಂತು ಅನ್ನಿ, 0.2ರಿಂದ ಭಾಗಿಸಿದರೆ 40 ಪರ್ಸೆಂಟ್, ಇದೇ ಟರ್ಬ್ಯುಲೆನ್ಸ್, ಅಂದರೆ ಗಾಳಿಯ ಏರಿಳಿತದ ಮಟ್ಟ. ಅದೇ ಸರಾಸರಿ ವೇಗದಲ್ಲೂ ಏರಿಳಿತ ಜಾಸ್ತಿ ಇದ್ದರೆ ಜನಕ್ಕೆ ಚಳಿ ಹೆಚ್ಚು ಅನಿಸುತ್ತೆ ಅಂತ ಡೆನ್ಮಾರ್ಕಿನ ಸಂಶೋಧಕ ಫ್ಯಾಂಗರ್ ಮತ್ತು ಜೊತೆಗಾರರು 1988ರಲ್ಲೇ ತೋರಿಸಿದ್ದಾರೆ. ಕೂತವರಿಗೆ 0.1, 0.6, 1.1 ಮೀಟರ್ ಎತ್ತರದಲ್ಲಿ ಅಳೆಯಿರಿ. 1.1 ಅಂದರೆ ಕತ್ತು, ನಿಮ್ಮ ತೊಂದರೆ ಅಲ್ಲೇ ಇರೋದು.

ಮೊದಲು ಕೇಳಿದವರು: ಊದುಬತ್ತಿ ಹಿಡಿದು ನೋಡಿದೆ ಸರ್, ಹೊಗೆ ಅಲ್ಲೇ ಸುತ್ತುತ್ತಿದೆ. ಇನ್ನೊಂದು ಫ್ಯಾನ್ ಹಾಕಲಾ?

ಉತ್ತರ: ಈಗಲೇ ಬೇಡ. ಕಿಂಡಿಗೆ ಉದ್ದಕ್ಕೂ ತೂತು ಮಾಡಿದ ಪ್ಲಾಸ್ಟಿಕ್ ಕೊಳವೆ ಕಟ್ಟಿ, ಕಿಂಡಿ ಕಡೆ ಒಂದು ಸಣ್ಣ ಫ್ಯಾನಿಂದ ಅದರೊಳಗೆ ಗಾಳಿ ತಳ್ಳಿದರೆ ಅದೂ ಆಗುತ್ತೆ, ಆದರೆ ಮೊದಲು ಖರ್ಚಿಲ್ಲದ್ದು ಮಾಡಿ. ಕಿಂಡಿ ಎದುರು ಒಂದು ಹಲಗೆ ಓರೆಯಾಗಿ ನಿಲ್ಲಿಸಿ, ಗಾಳಿ ಆ ಮೂಲೆ ಕಡೆ ತಿರುಗಲಿ. ಬ್ಯಾಗಿಗೆ ನೇರ ಹೊಡೆಯದಂತೆ ನೋಡಿಕೊಳ್ಳಿ, ಕೊಡೆಯ ಅಂಚು ಒಣಗುತ್ತೆ. ಮತ್ತೆ ಊದುಬತ್ತಿ ಹಿಡಿದು ವಿಡಿಯೋ ಹಾಕಿ, ನೋಡಿ ಹೇಳುತ್ತೇನೆ.