ಬೆಂಗಳೂರು ಏರ್‌ಪೋರ್ಟ್ ಯಾರ್ದು? ಯುಡಿಎಫ್ ಬಗ್ಗೆ ಯಾರನ್ನ ಕೇಳ್ಬೇಕು?

ಯಲಹಂಕ_ಓದುಗ

ಎಲ್ರಿಗೂ ನಮಸ್ಕಾರ. ಕಳೆದ ವಾರ ಅಪ್ಪಂಗೆ ದೆಹಲಿಗೆ ಟಿಕೆಟ್ ಮಾಡ್ಸಿ ಪ್ರಿಂಟ್ ಕೊಟ್ಟೆ, ಅವ್ರು ಒಂದೊಂದ್ ಲೈನೂ ಓದಿ ಯುಡಿಎಫ್ (ಏರ್‌ಪೋರ್ಟ್ ಬಳಸೋದಕ್ಕೆ ಟಿಕೆಟ್ ಜೊತೆ ವಸೂಲಿ ಮಾಡೋ ಶುಲ್ಕ) ಅನ್ನೋ ಕಡೆ ಬೆರಳಿಟ್ಟು "ಇದು ಯಾರಿಗೆ ಹೋಗುತ್ತೆ, ಇಷ್ಟೇ ಅಂತ ಠರಾವು ಮಾಡಿದ್ಯಾರು" ಅಂತ ಕೇಳಿದ್ರು. ಅವ್ರು ಪಂಚಾಯ್ತಿ ಆಫೀಸಲ್ಲಿ ಕೆಲ್ಸ ಮಾಡಿ ರಿಟೈರ್ ಆದವ್ರು, ಮನೆ ಕಂದಾಯ ಹತ್ತು ರೂಪಾಯಿ ಜಾಸ್ತಿ ಮಾಡಿದ್ರೂ ಜನ ಬಂದು ಠರಾವು ಪುಸ್ತಕ ತೋರ್ಸಿ ಅಂತಿದ್ರಂತೆ. ನನಗೆ ಉತ್ತರ ಗೊತ್ತಿರ್ಲಿಲ್ಲ. ಏರ್‌ಪೋರ್ಟ್ ಸರ್ಕಾರಿ ಅಂತ ಅಂದ್ಕೊಂಡಿದ್ದೆ, ಆಫೀಸಲ್ಲಿ ಕೇಳಿದ್ರೆ ಪೂರ್ತಿ ಪ್ರೈವೇಟ್ ಅಂತಾರೆ, ಇನ್ನೊಬ್ರು ಚೀಫ್ ಸೆಕ್ರೆಟರಿನೇ ಅದರ ಚೇರ್ಮನ್ ಅಂತಾರೆ. ಯಾವ್ದು ನಿಜ? ಜನರ ಕಡೆಯಿಂದ ಪ್ರಶ್ನೆ ಕೇಳೋಕೆ ಒಂದು ಬಾಗಿಲಾದ್ರೂ ಇದ್ಯಾ?

ಲೆಕ್ಕದ_ಮನುಷ್ಯ

ಮೂರೂ ಅರ್ಧರ್ಧ ನಿಜ ಸರ್. ನಡೆಸೋದು ಬಿಐಎಎಲ್ ಅನ್ನೋ ಕಂಪನಿ. ಅದ್ರಲ್ಲಿ ಏರ್‌ಪೋರ್ಟ್ಸ್ ಅಥಾರಿಟಿದು 13%, ರಾಜ್ಯ ಸರ್ಕಾರದ ಕೈಗಾರಿಕಾ ನಿಗಮ ಕೆಎಸ್‌ಐಐಡಿಸಿದು 13%, ಉಳಿದ 74% ಪ್ರೈವೇಟು. ಶುರುವಲ್ಲಿ ಸೀಮೆನ್ಸ್, ಜ್ಯೂರಿಕ್ ಏರ್‌ಪೋರ್ಟ್, ಎಲ್ ಅಂಡ್ ಟಿ ಇದ್ರು, ಆಮೇಲೆ ಜಿವಿಕೆ ಬಂತು, ಈಗ ದೊಡ್ಡ ಪಾಲು ಕೆನಡಾದ ಫೇರ್‌ಫ್ಯಾಕ್ಸ್ ಕೈಲಿದೆ. ರಾಜ್ಯದ ಮುಖ್ಯ ಕಾರ್ಯದರ್ಶಿ ಬೋರ್ಡ್ ಚೇರ್ಮನ್ ಆಗೋದು ರೂಢಿ.

ಆದ್ರೆ ಜಾಗ ಇದ್ಯಲ್ಲ, ಸುಮಾರು 4,000 ಎಕರೆ, ಅದು ಕಂಪನಿದಲ್ಲ. ಕೆಎಸ್‌ಐಐಡಿಸಿ ಲೀಸಿಗೆ ಕೊಟ್ಟಿರೋದು. ಮೇಲೆ ರಾಜ್ಯ ಸರ್ಕಾರದ 350 ಕೋಟಿ ಬಡ್ಡಿ ಇಲ್ಲದ ಸಾಲ ಬೇರೆ. 2004ರಲ್ಲಿ ಕೇಂದ್ರದ ಜೊತೆ ಕನ್ಸೆಷನ್ ಒಪ್ಪಂದ, ಅಂದ್ರೆ ಏರ್‌ಪೋರ್ಟ್ ಕಟ್ಟಿ ನಡೆಸೋ ಹಕ್ಕಿನ ಒಪ್ಪಂದ ಆಯ್ತು, 2008ರ ಮೇ 24ಕ್ಕೆ ಏರ್‌ಪೋರ್ಟ್ ಶುರುವಾಯ್ತು. ಒಪ್ಪಂದ 30 ವರ್ಷಕ್ಕೆ, ಬೇಕಂದ್ರೆ ಇನ್ನೂ 30 ವರ್ಷ ಅಂತಿತ್ತು, ಅದನ್ನೂ ಮುಂದುವರಿಸಿ ಈಗ 2068ರ ತನಕ ಇದೆ. ನಮ್ಮ ಮೊಮ್ಮಕ್ಕಳ ಕಾಲದ ತನಕ ಲೆಕ್ಕ ಹಾಕಿ. ಕಂಪನಿ ಕೇಂದ್ರಕ್ಕೆ ಕೊಡಬೇಕಾದ್ದು ಒಟ್ಟು ಆದಾಯದ 4%, ಅದೂ ಮೊದಲ 10 ವರ್ಷದ್ದು ಮುಂದಕ್ಕೆ ಹಾಕಿದ್ರು.

ಯುಡಿಎಫ್ ವಿಷ್ಯಕ್ಕೆ ಬಂದ್ರೆ, ದುಡ್ಡು ಹೋಗೋದು ಕಂಪನಿಗೆ, ದರ ಗೊತ್ತು ಮಾಡೋದು ಮಾತ್ರ ಏರಾ ಅನ್ನೋ ನಿಯಂತ್ರಣ ಪ್ರಾಧಿಕಾರ, 2008ರ ಕಾಯ್ದೆ ಪ್ರಕಾರ ಆಗಿದ್ದು. ಐದೈದು ವರ್ಷದ ಅವಧಿಗೆ ಆದೇಶ ಮಾಡ್ತಾರೆ. ಆದೇಶಕ್ಕೂ ಮುಂಚೆ ಒಂದು ಕನ್ಸಲ್ಟೇಶನ್ ಪೇಪರ್ ಹಾಕ್ತಾರೆ, ಎಷ್ಟು ಹೂಡಿಕೆ, ಎಷ್ಟು ಪ್ರಯಾಣಿಕರು ಬರಬಹುದು, ಲಾಭ ಎಷ್ಟಿಡಬೇಕು ಎಲ್ಲಾ ಅದರಲ್ಲಿರುತ್ತೆ, ಯಾರು ಬೇಕಾದ್ರೂ ಅಭಿಪ್ರಾಯ ಬರೀಬಹುದು. ನಿಮ್ಮಪ್ಪ ಕೇಳ್ತಿರೋ ಠರಾವು ಪುಸ್ತಕ ಅದೇ. ಏರ್‌ಲೈನ್ಸ್ ಸಂಘದವ್ರು, ಕಂಪನಿಯವ್ರು ಪುಟಗಟ್ಟಲೆ ಬರೀತಾರೆ, ದುಡ್ಡು ಕಟ್ಟೋ ನಮ್ಮಂಥವ್ರು ಆ ಕಡೆ ತಿರುಗಿ ನೋಡಲ್ಲ, ನನಗೆ ತುಂಬಾ ಬೇಜಾರಾಗೋದು ಇದೇ.

ಅದರಲ್ಲಿ ನೋಡಲೇಬೇಕಾದ ಒಂದು ಜಾಗ ಹೈಬ್ರಿಡ್ ಟಿಲ್. ಅಂಗಡಿ, ಪಾರ್ಕಿಂಗ್, ಜಾಹೀರಾತು ಇಂಥದ್ರಿಂದ ಬರೋ ಆದಾಯದಲ್ಲಿ 30% ಮಾತ್ರ ಪ್ರಯಾಣಿಕರ ಹೊರೆ ಇಳಿಸೋಕೆ ಹಿಡೀತಾರೆ, ಮಿಕ್ಕಿದ್ದು ಆ ಲೆಕ್ಕದೊಳಗೆ ಬರಲ್ಲ. ಹಾಗಾಗಿ ಯಾವ ಆದಾಯನ ಯಾವ ಕಡೆ ಸೇರಿಸಿದ್ರು ಅನ್ನೋದ್ರ ಮೇಲೂ ನಿಮ್ಮ ಯುಡಿಎಫ್ ರೇಟ್ ನಿಂತಿದೆ.

ಹೆಬ್ಬಾಳ_ಫ್ಲೈಓವರ್

26% ಅಂದ್ರೆ ನಾಮ್‌ಕೆವಾಸ್ತೆ ಅಲ್ವಾ? 74 ಇರೋರು ಹೇಳಿದ್ದೇ ನಡೆಯುತ್ತೆ. ಚೇರ್ಮನ್ ಕುರ್ಚಿ ಕೊಟ್ಟು ಸುಮ್ಮನಿರ್ಸಿದಾರೆ ಅನ್ಸುತ್ತೆ ನನಗೆ.

ಲೆಕ್ಕದ_ಮನುಷ್ಯ

ದಿನನಿತ್ಯದ ತೀರ್ಮಾನಕ್ಕೆ ನೀವು ಹೇಳೋದು ಸರಿ. ಆದ್ರೆ ಆ 26ಕ್ಕೆ ಬೆಲೆ ಇದೆ. ಕಂಪನಿ ಕಾಯ್ದೆಲಿ ವಿಶೇಷ ನಿರ್ಣಯಕ್ಕೆ ಮುಕ್ಕಾಲು ಪಾಲು ವೋಟ್ ಬೇಕು, ಕಂಪನಿಯ ಮೂಲ ನಿಯಮಾವಳಿ ತಿದ್ದೋದು ಅಂಥದಕ್ಕೆಲ್ಲ. 74ಕ್ಕೆ 75 ಆಗಲ್ಲ. ಕೇಂದ್ರ ರಾಜ್ಯ ಎರಡೂ ಸೇರಿ ಬೇಡ ಅಂದ್ರೆ ಅಲ್ಲಿಗೆ ನಿಂತೋಗುತ್ತೆ. ಒಬ್ರೇ 13 ಇಟ್ಕೊಂಡು ಆಗಲ್ಲ, ಇಬ್ರೂ ಸೇರಬೇಕು. ಇನ್ನೊಂದು ಕಡೆ, ಸರ್ಕಾರದ ಪಾಲು 51% ಇಲ್ಲ ಅಂದ್ಮೇಲೆ ಕಾನೂನು ಲೆಕ್ಕದಲ್ಲಿ ಇದು ಸರ್ಕಾರಿ ಕಂಪನಿ ಅಲ್ಲ, ಸರ್ಕಾರಿ ಲೆಕ್ಕ ಪರಿಶೋಧಿಸೋ ಸಿಎಜಿ ಬಂದು ಮಾಮೂಲಿ ಆಡಿಟ್ ಮಾಡಲ್ಲ. ನನ್ನ ತಕರಾರು ಇರೋದು ಇಲ್ಲಿ. ಜಾಗ ನಮ್ದು, ಸಾಲ ನಮ್ದು, ಲೆಕ್ಕ ಮಾತ್ರ ವಿಧಾನಸೌಧದ ಮುಂದೆ ಬರಲ್ಲ.

ಮಾಗಡಿ_ರೋಡ್_ಅಕ್ಕ

ಬೆಂಗಳೂರಿಗೆ ಎರಡನೇ ಏರ್‌ಪೋರ್ಟ್ ಚರ್ಚೆನೂ ಇದೇ ಕನ್ಸೆಷನ್ ಒಪ್ಪಂದಕ್ಕೆ ಕಟ್ಟಿಬಿದ್ದಿದೆ, ಅದನ್ನ ಯಾರೂ ಹೇಳ್ಲಿಲ್ಲ. ಶುರುವಾದಾಗಿಂದ 25 ವರ್ಷ 150 ಕಿಲೋಮೀಟರ್ ಒಳಗೆ ಬೇರೆ ಇಂಟರ್‌ನ್ಯಾಷನಲ್ ಏರ್‌ಪೋರ್ಟ್ ಮಾಡೋ ಹಾಗಿಲ್ಲ, ಮೈಸೂರು ಹಾಸನ ಬಿಟ್ಟು. ಅಂದ್ರೆ 2033 ಮೇ ತನಕ. ಕನಕಪುರ ರೋಡ್ ಕಡೆ, ನೆಲಮಂಗಲ ಕಡೆ ಅಂತ ಜಾಗ ನೋಡಿದ್ರು, ತಮಿಳ್ನಾಡು ಹೊಸೂರಲ್ಲಿ ಮಾಡ್ತೀವಿ ಅಂದ್ರು, ಎಲ್ಲಾ ಆ ವೃತ್ತದ ಒಳಗೇ ಬರೋದು. ಹೊಸದಕ್ಕೆ ಯಾವ ಮಾದರಿ ಅನ್ನೋದು ಈಗ್ಲೇ ಕೇಳ್ಬೇಕು. ಶಿವಮೊಗ್ಗದ್ದು 2023ರಲ್ಲಿ ಶುರುವಾಯ್ತಲ್ಲ, ಅದನ್ನ ಕೆಎಸ್‌ಐಐಡಿಸಿನೇ ನಡೆಸ್ತಿದೆ. ಕೊಚ್ಚಿಲಿ ಮುಖ್ಯಮಂತ್ರಿನೇ ಕಂಪನಿ ಚೇರ್ಮನ್, ಊರಿನ ಸಾವಿರಾರು ಜನ, ಗಲ್ಫಿಗೆ ಹೋದವ್ರು ಷೇರು ತಗೊಂಡು ಕಟ್ಟಿದ್ದು. ಜಾಗ ಕೊಡೋ ರೈತರಿಗೂ ಷೇರು ಕೊಟ್ರೆ ಏನಾಗುತ್ತೆ ಅಂತ ನಾನು ತುಂಬಾ ಸಲ ಯೋಚ್ನೆ ಮಾಡಿದೀನಿ, ದುಡ್ಡು ಒಂದ್ಸಲ ಕೈಗೆ ಬಂದು ಖಾಲಿಯಾದ ಮನೆಗಳನ್ನ ಹತ್ರದಿಂದ ನೋಡಿದೀನಿ.

ಯಲಹಂಕ_ಓದುಗ

ಅಕ್ಕಾ, ಸರ್, ತುಂಬಾ ಥ್ಯಾಂಕ್ಸ್. ಇದನ್ನೆಲ್ಲಾ ಅಪ್ಪಂಗೆ ಓದಿ ಹೇಳ್ದೆ. ಅವ್ರು ಆಗ್ಲೇ ಪೇಪರ್ ಪೆನ್ ತಗೊಂಡು ಕೂತಿದಾರೆ, ಆರ್‌ಟಿಐ ಹಾಕ್ತಾರಂತೆ. ಕಂಪನಿಗೇ ಹಾಕೋದಾ?

ಮಾಗಡಿ_ರೋಡ್_ಅಕ್ಕ

ಕೆಎಸ್‌ಐಐಡಿಸಿಗೆ ಹಾಕ್ಸಿ, ಅದು ಸರ್ಕಾರಿ ಸಂಸ್ಥೆ, ನಮಗೆ ಆರ್‌ಟಿಐ ಬರಲ್ಲ ಅನ್ನೋಕಾಗಲ್ಲ. ಲೀಸಿನ ಬಾಡಿಗೆ ಎಷ್ಟು ಬಂತು, 350 ಕೋಟಿಲಿ ಎಷ್ಟು ವಾಪಸ್ ಬಂದಿದೆ, 13% ಪಾಲಿಗೆ ಲಾಭಾಂಶ ಅಂತ ಏನಾದ್ರೂ ಬಂದಿದ್ಯಾ, ಇದೆಲ್ಲ ಅವ್ರ ಪುಸ್ತಕದಲ್ಲೇ ಇರ್ಬೇಕು. ಫೀಸು 10 ರೂಪಾಯಿ, ಉತ್ತರಕ್ಕೆ 30 ದಿನ. ಒಂದು ಎಚ್ಚರ, ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರ್ದು. ಮೂರು ಪ್ರಶ್ನೆಗೆ ಮೂರು ಅರ್ಜಿ ಬರ್ಸಿ. ಉತ್ತರ ಬಂದ್ಮೇಲೆ ಇಲ್ಲೇ ಹಾಕಿ, ನಾನು ಕಾಯ್ತಿರ್ತೀನಿ.