ಕಿಡ್ನಿ ಕಸಿಯಾದ ತಂದೆಯವರ ಕಾಲಿನ ಗಂಟಿಗೆ ಬಯಾಪ್ಸಿ ಬೇಕೇ?

ಪ್ರಶ್ನೆ: ಮುಧೋಳ ತಾಲೂಕಿನಿಂದ

ನಮ್ಮ ತಂದೆಯವರಿಗೆ 58 ವರ್ಷ. ನಾಲ್ಕು ವರ್ಷಗಳ ಹಿಂದೆ ತಾಯಿಯವರ ಕಿಡ್ನಿಯನ್ನೇ ಅವರಿಗೆ ಕಸಿ ಮಾಡಲಾಗಿದ್ದು, ಅಂದಿನಿಂದ ದೇಹವು ಆ ಕಿಡ್ನಿಯನ್ನು ತಿರಸ್ಕರಿಸದಂತೆ ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್, ಪ್ರೆಡ್ನಿಸೊಲೋನ್ ಗುಳಿಗೆಗಳನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದಾರೆ. ಎಷ್ಟು ಬೇಡವೆಂದರೂ ಕಬ್ಬಿನ ರವದಿ ತುಳಿಯದೆ ಅವರಿಗೆ ದಿನ ಹೋಗುವುದಿಲ್ಲ. ಬಲ ಮೊಣಕಾಲಿನ ಕೆಳಗೆ ಕಡಲೆಕಾಳಿನಷ್ಟಿದ್ದ ಗಂಟೊಂದು ಮೂರು ತಿಂಗಳಲ್ಲಿ ಅಡಿಕೆಯ ಗಾತ್ರಕ್ಕೆ ಬೆಳೆದಿದೆ. ನೋವಿಲ್ಲ, ಜ್ವರವಿಲ್ಲ, ಒತ್ತಿದರೆ ಮೆತ್ತಗಿದೆ. ಇದಲ್ಲದೆ ಸೊಂಟದ ಸುತ್ತ ಗಜಕರ್ಣ ಹಬ್ಬಿದ್ದು, ಔಷಧ ಅಂಗಡಿಯಲ್ಲಿ ಕೊಟ್ಟ ಮುಲಾಮು ಹಚ್ಚಿದರೆ ನಾಲ್ಕು ದಿನ ತುರಿಕೆ ಅಡಗಿ, ಬಿಟ್ಟೊಡನೆ ಮೊದಲಿಗಿಂತ ಅಗಲವಾಗಿ ಮರಳುತ್ತದೆ. ತೋರಿಸಿದ ವೈದ್ಯರು ಗಜಕರ್ಣಕ್ಕೆ ಇಟ್ರಾಕೊನಜೋಲ್ ಎಂಬ ಶಿಲೀಂಧ್ರನಾಶಕ ಗುಳಿಗೆ ಬರೆದುಕೊಟ್ಟು, ಗಂಟಿನ ಬಯಾಪ್ಸಿ, ಅಂದರೆ ತುಣುಕು ತೆಗೆದು ಪರೀಕ್ಷೆ, ಆಗಲೇಬೇಕೆಂದರು. ಕತ್ತರಿ ತಾಗಿದರೆ ರೋಗ ಮೈತುಂಬ ಹರಡುತ್ತದೆ ಎಂದು ಮನೆಯ ಹಿರಿಯರು ತಡೆಯುತ್ತಿದ್ದಾರೆ. ಗುಳಿಗೆ ಶುರು ಮಾಡಿ ಕೆಲವು ದಿನ ಕಾಯಬಹುದೇ?

ಉತ್ತರ 1: ಚರ್ಮರೋಗ ವೈದ್ಯೆ, ಬೆಳಗಾವಿ

ಮೊದಲು ಗುಳಿಗೆಯ ವಿಷಯ ಹೇಳುತ್ತೇನೆ, ಏಕೆಂದರೆ ಅದು ಇಂದೇ ತೀರ್ಮಾನವಾಗಬೇಕು. ಟ್ಯಾಕ್ರೊಲಿಮಸ್ಸನ್ನು ಕರಗಿಸುವ ಯಕೃತ್ತಿನ ಕಿಣ್ವವನ್ನು ಇಟ್ರಾಕೊನಜೋಲ್ ತಡೆಯುವುದರಿಂದ, ಎಂದಿನ ಪ್ರಮಾಣವನ್ನೇ ನುಂಗಿದರೂ ರಕ್ತದಲ್ಲಿ ಅದರ ಮಟ್ಟ ಏರುತ್ತ ಹೋಗಿ, ಕೈನಡುಕದಿಂದ ಹಿಡಿದು ಕಸಿ ಮಾಡಿದ ಕಿಡ್ನಿಗೇ ಪೆಟ್ಟು ಬೀಳುವವರೆಗೆ ಏನೂ ಆಗಬಹುದು. ಕಿಡ್ನಿ ವೈದ್ಯರಿಗೆ ತಿಳಿಸಿಯೇ ಆರಂಭಿಸಿರಿ; ಅವರು ಟ್ಯಾಕ್ರೊಲಿಮಸ್ ಪ್ರಮಾಣವನ್ನು ಇಳಿಸಿ, ಬೆಳಗಿನ ಗುಳಿಗೆಗೆ ಮುನ್ನ ರಕ್ತ ತೆಗೆಸಿ ಮಟ್ಟ ನೋಡುತ್ತಾರೆ. ಇಟ್ರಾಕೊನಜೋಲ್ ನಿಲ್ಲಿಸುವಾಗಲೂ ಹೀಗೆಯೇ ಆಗಬೇಕು, ಇಲ್ಲವಾದರೆ ಮಟ್ಟ ಕುಸಿದು ದೇಹವು ಕಿಡ್ನಿಯನ್ನು ತಿರಸ್ಕರಿಸುವ ಅಪಾಯವಿದೆ. ಇನ್ನೊಂದು ಶಿಲೀಂಧ್ರನಾಶಕವಾದ ಟರ್ಬಿನಾಫಿನ್‌ಗೆ ಈ ತೊಡಕಿಲ್ಲವಾದರೂ, 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರು ಪಡೆದ, ನಮ್ಮಲ್ಲಿ ಬಹಳ ಹಬ್ಬಿರುವ ಶಿಲೀಂಧ್ರವು ಹಲವೊಮ್ಮೆ ಅದಕ್ಕೆ ಬಗ್ಗುವುದಿಲ್ಲ.

ಆ ಮುಲಾಮಿನಲ್ಲಿ ಸ್ಟೀರಾಯ್ಡ್ ಇರಬೇಕು. ಅದು ತುರಿಕೆಯನ್ನು ಅಡಗಿಸಿ ಶಿಲೀಂಧ್ರವನ್ನು ಸಾಕುತ್ತದೆ. 2018ರಲ್ಲಿ ಇಂಥ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿ ಚೀಟಿಯಿಲ್ಲದೆ ಮಾರಬಾರದೆಂದು ಮಾಡಿದರೂ ಕೈಬದಲಾಗುತ್ತಲೇ ಇವೆ. ಇಂದೇ ನಿಲ್ಲಿಸಿರಿ.

ಇನ್ನು ಗಂಟು. ನೋವಿಲ್ಲ, ಜ್ವರವಿಲ್ಲ ಎಂಬುದನ್ನು ನೀವು ಸಮಾಧಾನದಂತೆ ಬರೆದಿದ್ದೀರಿ; ಆದರೆ ನೋವು, ಕೆಂಪು, ಜ್ವರ ಇವೆಲ್ಲ ದೇಹ ಕಾದಾಡುತ್ತಿರುವ ಗುರುತುಗಳು, ಆ ಕಾದಾಟವನ್ನೇ ಅವರ ಗುಳಿಗೆಗಳು ತಗ್ಗಿಸಿವೆ. ಮಣ್ಣಿನಲ್ಲೂ ಕೊಳೆತ ಕಟ್ಟಿಗೆಯಲ್ಲೂ ಬೆಳೆಯುವ ಕಪ್ಪು ಬಣ್ಣದ ಶಿಲೀಂಧ್ರಗಳು ಸಣ್ಣ ಚುಚ್ಚುಗಾಯದಿಂದ ಒಳಸೇರಿ, ಕಸಿಯಾದವರ ಕಾಲುಗಳಲ್ಲಿ ಇಂಥ ಗಂಟು ಕಟ್ಟುವುದುಂಟು. ಇದಕ್ಕೆ ಫಿಯೊಹೈಫೊಮೈಕೋಸಿಸ್ ಎನ್ನುತ್ತಾರೆ. ಕ್ಷಯವೂ ಗಡ್ಡೆಯೂ ಹೀಗೆಯೇ ಕಾಣಿಸಬಹುದಾಗಿದ್ದು, ಒಂದೊಂದರ ಔಷಧ ಒಂದೊಂದು ಬಗೆಯದಾದ್ದರಿಂದ ಬಯಾಪ್ಸಿಯಿಲ್ಲದೆ ದಾರಿಯಿಲ್ಲ. ಕತ್ತರಿಯಿಂದ ಇದು ಹರಡುವುದಿಲ್ಲ. ಗಂಟನ್ನು ಪೂರ್ತಿ ತೆಗೆದುಬಿಡುವುದೇ ಎಷ್ಟೋ ಸಲ ಅರ್ಧ ಚಿಕಿತ್ಸೆ. ಕಾಯುವ ನಡುವೆ ಎಲ್ಲಿಯಾದರೂ ಚರ್ಮ ಕಪ್ಪಾಗಿ, ದಿನದಿಂದ ದಿನಕ್ಕೆ ಅಗಲವಾದರೆ ಅದು ಮ್ಯೂಕರ್ ಎಂಬ ಬೇರೊಂದು ಶಿಲೀಂಧ್ರ ಇರಬಹುದು. ಅದಕ್ಕೆ ಶಸ್ತ್ರಕ್ರಿಯೆಯ ಜೊತೆಗೆ ಆಂಫೊಟೆರಿಸಿನ್ ಎಂಬ ಶಿಲೀಂಧ್ರನಾಶಕ ರಕ್ತನಾಳದ ಮೂಲಕವೇ ಹೋಗಬೇಕಾಗುತ್ತದೆ. ಆಗ ರಾತ್ರಿಯಾಗಿದ್ದರೂ ದೊಡ್ಡ ಆಸ್ಪತ್ರೆಗೆ ಹೊರಡಿರಿ.

ಉತ್ತರ 2: ವಿಜಯಪುರ, ಕಸಿಯಾಗಿ ಒಂಬತ್ತು ವರ್ಷ

ತಮ್ಮಾ, ನನಗೂ ಇದೇ ಆಗಿತ್ತು. ದ್ರಾಕ್ಷಿ ಪಡದ ಬೇಲಿಯಲ್ಲಿ ಜಾಲಿ ಮುಳ್ಳು ಪಾದಕ್ಕೆ ಚುಚ್ಚಿದ್ದು ನೆನಪಿನಿಂದಲೇ ಹೋಗಿತ್ತು. ವರ್ಷದ ಮೇಲೆ ಗಂಟು ಕೊಯ್ದಾಗ ಒಳಗೆ ಮುಳ್ಳಿನ ತುದಿ ಹಾಗೆಯೇ ಕುಳಿತಿತ್ತು. ನನ್ನ ಅನುಭವದಿಂದ ಒಂದೇ ಮಾತು: ತೆಗೆದ ತುಣುಕನ್ನು ಎರಡು ಬಾಟಲಿಗಳಲ್ಲಿ ಹಾಕಿಸಿರಿ, ಒಂದು ತುಣುಕು ಕೆಡದಂತಿಡುವ ಫಾರ್ಮಾಲಿನ್‌ನಲ್ಲಿ, ಇನ್ನೊಂದು ಸಲೈನ್‌ನಲ್ಲಿ. ನಾನು ಹೋದ ಕಡೆ ಇಡೀ ತುಣುಕನ್ನು ಫಾರ್ಮಾಲಿನ್‌ಗೆ ಹಾಕಿಬಿಟ್ಟಿದ್ದರಿಂದ ಶಿಲೀಂಧ್ರ ಸತ್ತು, ಅದನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಏನೂ ಬೆಳೆಯಲಿಲ್ಲ, ಅದರ ಜಾತಿ ತಿಳಿಯಲು ಎರಡನೆಯ ಸಲ ಕೊಯ್ಯಿಸಿಕೊಳ್ಳಬೇಕಾಯಿತು.

ಮರುಪ್ರಶ್ನೆ: ಮುಧೋಳ ತಾಲೂಕಿನಿಂದ

ಮೇಡಮ್ ಅವರೇ, ಕಾಕಾ ಅವರೇ, ತಮ್ಮ ಮಾತಿನಂತೆ ನಡೆದೆವು. ಗಂಟನ್ನು ಪೂರ್ತಿ ತೆಗೆದಿದ್ದಾರೆ. ಸಲೈನ್ ಬಾಟಲಿ ಕೇಳಿದಾಗ ನರ್ಸ್ ಅಕ್ಕ ಒಮ್ಮೆ ನನ್ನ ಮುಖ ನೋಡಿ, ಬಳಿಕ ತಂದುಕೊಟ್ಟರು. ಮೊದಲ ವರದಿಯಲ್ಲಿ ಕಂದು ಬಣ್ಣದ ಶಿಲೀಂಧ್ರದ ಎಳೆಗಳು ಕಂಡಿವೆಯಂತೆ. ಕಲ್ಚರನ್ನು ನಾಲ್ಕು ವಾರ ಇಡುತ್ತಾರಂತೆ. ಟ್ಯಾಕ್ರೊಲಿಮಸ್ ಇಳಿಸಿ ಇಟ್ರಾಕೊನಜೋಲ್ ಆರಂಭಿಸಿದ್ದಾರೆ. ತಂದೆಯವರು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಪ್ಯಾಂಟೊಪ್ರಜೋಲ್ ನುಂಗುವುದು ರೂಢಿ, ಅದು ನಡೆಯುತ್ತದೆಯೇ?

ಉತ್ತರ 3: ಚರ್ಮರೋಗ ವೈದ್ಯೆ, ಬೆಳಗಾವಿ

ಒಳ್ಳೆಯ ಪ್ರಶ್ನೆ. ಇಟ್ರಾಕೊನಜೋಲ್ ಕ್ಯಾಪ್ಸೂಲ್ ಕರಗಲು ಹೊಟ್ಟೆಯಲ್ಲಿ ಆಮ್ಲ ಬೇಕು, ಪ್ಯಾಂಟೊಪ್ರಜೋಲ್ ಅದನ್ನೇ ತಗ್ಗಿಸುತ್ತದೆ. ಪ್ಯಾಂಟೊಪ್ರಜೋಲನ್ನು ನಿಲ್ಲಿಸಬಹುದೇ ಎಂದು ಕಿಡ್ನಿ ವೈದ್ಯರನ್ನು ಈ ವಾರದ ಭೇಟಿಯಲ್ಲೇ ಕೇಳಿರಿ. ಕ್ಯಾಪ್ಸೂಲನ್ನು ಮಾತ್ರ ಹೊಟ್ಟೆತುಂಬ ಊಟವಾದ ಕೂಡಲೇ ಕೊಡಿರಿ.