ಅಪ್‌ಡೇಟ್: ಅಟ್ಟದ ಆಂಟೆನಾ ಕೆಲಸ ಮಾಡುತ್ತಿದೆ
ಕುಣಿಗಲ್ ಹತ್ತಿರದ ನಮ್ಮ ಹೆಂಚಿನ ಮನೆಯಲ್ಲಿ ಬೆಂಗಳೂರಿನ ಎಫ್‌ಎಂ ರೇಡಿಯೋ ಸ್ಟೇಷನ್ ರೇನ್‌ಬೋ 101.3 ಬರೀ ಗೊರಗೊರ ಅನ್ನುತ್ತೆ, ಅಟ್ಟದಲ್ಲಿ ವೈರ್ ಕಟ್ಟಿದರೆ ಆಗುತ್ತಾ ಎಂದು ಕೇಳಿದ್ದೆನಲ್ಲ? ಆಯ್ತು!

ನೀವು ಹೇಳಿದಂತೆ 143ನ್ನು ಸ್ಟೇಷನ್ನಿನ ಮೆಗಾಹರ್ಟ್ಸ್‌ನಿಂದ (101.3) ಭಾಗಿಸಿದೆ. ವೈರ್‌ನ ಒಟ್ಟು ಉದ್ದ 1.41 ಮೀಟರ್ ಬಂತು. ಅಂದರೆ ಎರಡು ತುಂಡು, ತಲಾ 70 ಸೆಂ.ಮೀ. ವೈರಿಂಗ್ ಮಾಡಿಸಿದಾಗ ಉಳಿದಿದ್ದ ತಾಮ್ರದ ವೈರನ್ನೇ ನೈಲಾನ್ ದಾರದಿಂದ ರೀಪಿಗೆ ಬಿಗಿದೆ (ಇಲಿ ಕಡಿಯದಿದ್ದರೆ ಸಾಕು). ಎರಡು ತುಂಡುಗಳ ನಡುವಿನಿಂದ ರೇಡಿಯೋಗೆ ಡಿಶ್‌ನ ಹಳೇ 75 ಓಮ್ ಕೇಬಲ್ ಇಳಿಸಿದೆ: ಒಳತಂತಿ ಒಂದು ತುಂಡಿಗೆ, ಜಾಲರಿ ಇನ್ನೊಂದಕ್ಕೆ.

ಬೆಂಗಳೂರು ಪೂರ್ವಕ್ಕಿದೆ, ಹಾಗಾಗಿ ವೈರ್ ಆ ದಿಕ್ಕಿಗೆ ಅಡ್ಡಲಾಗಿ, ಉತ್ತರ-ದಕ್ಷಿಣ. ಸುಮ್ನೆ ಪೂರ್ವ-ಪಶ್ಚಿಮಕ್ಕೆ ತಿರುಗಿಸಿ ನೋಡಿದೆ, ಮತ್ತೆ ಗೊರಗೊರ. ಹೆಂಚು ಏನೂ ಅಡ್ಡಿಯಾಗಲಿಲ್ಲ. ಅಡುಗೆಮನೆ ಮೇಲಿನ ಜಿಂಕ್ ಶೀಟ್ ಕೆಳಗೆ ಮಾತ್ರ ಸ್ಟೇಷನ್ನೇ ಸಿಗಲಿಲ್ಲ.

ಎಲ್‌ಇಡಿ ಬಲ್ಬ್ ಹಾಕಿದಾಗ ಸ್ವಲ್ಪ ಸದ್ದು ಬರುತ್ತೆ. ಅದಕ್ಕೇನಾದರೂ ಉಪಾಯ ಇದೆಯಾ?